ವಿಡಿಯೊ ಸೇವೆ ಮುಚ್ಚುವವರಿಗೆ, ಮುಚ್ಚಲು ಬಿಡುವವರಿಗೆ: ಒಂದು ಬಹಿರಂಗ ಪತ್ರ

ಸ್ಟ್ರೀಮಿಂಗ್ ಸೇವೆಗಳನ್ನು ನಡೆಸುವ ಕಂಪನಿಗಳ ಆಡಳಿತ ಮಂಡಳಿಗಳಿಗೆ ಮತ್ತು ಗ್ರಾಹಕರ ಹಿತ ಕಾಯುವ ನಿಯಮಗಳನ್ನು ರೂಪಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಸೇವೆಗಳನ್ನು ಮುಚ್ಚಬೇಡಿ ಎಂದು ಗೋಗರೆಯಲು ಈ ಪತ್ರ ಬರೆಯುತ್ತಿಲ್ಲ. ನಷ್ಟದ ವ್ಯವಹಾರವನ್ನು ಯಾರೂ ಎಷ್ಟೋ ವರ್ಷ ಎಳೆದುಕೊಂಡು ಹೋಗಲಾರರು. ನಮ್ಮ ತಕರಾರು ಇರುವುದು ಮುಚ್ಚುವ ರೀತಿಯ ಬಗ್ಗೆ. ಒಂದು ಸೇವೆ ನಿಂತಾಗ ಏನು ಉಳಿಯುತ್ತದೆ, ಏನು ಮಣ್ಣುಪಾಲಾಗುತ್ತದೆ ಎಂಬುದು ಕೊನೆಯ ವಾರದಲ್ಲಿ ತೀರ್ಮಾನವಾಗುವ ವಿಷಯವಲ್ಲ. ಶುರುವಿನಲ್ಲೇ ಮಾಡಿಕೊಂಡ ಕರಾರು, ಆಗಲೇ ಆರಿಸಿಕೊಂಡ ಡಿಆರ್‌ಎಂ (ನಕಲು ತಡೆಯುವ ಡಿಜಿಟಲ್ ಬೀಗ), ಮಾಸ್ಟರ್ ಫೈಲುಗಳನ್ನು (ಪೂರ್ಣ ಗುಣಮಟ್ಟದ ಮೂಲ ಪ್ರತಿಗಳನ್ನು) ಎಲ್ಲಿಟ್ಟಿದ್ದೀರಿ, ಚಂದಾ ಯಾರ ಮೂಲಕ ವಸೂಲು ಮಾಡುತ್ತೀರಿ, ಇವೆಲ್ಲ ಸೇರಿ ಅದನ್ನು ಮೊದಲೇ ತೀರ್ಮಾನಿಸಿರುತ್ತವೆ. ಆದ್ದರಿಂದ ಮುಚ್ಚುವ ಯೋಜನೆಯನ್ನು ಉದ್ಘಾಟನೆಗೆ ಮೊದಲೇ ಬರೆದಿಡಿ ಎಂದು ಕಂಪನಿಗಳನ್ನು ಕೇಳುತ್ತಿದ್ದೇವೆ. ಅದನ್ನು ಕಡ್ಡಾಯ ಮಾಡಿ ಎಂದು ಅಧಿಕಾರಿಗಳನ್ನು.

ಕಳೆದ ಇಪ್ಪತ್ತು ವರ್ಷಗಳಲ್ಲಿ ಪಾಠಗಳಿಗೆ ಬರವಿಲ್ಲ. ಯೂಟ್ಯೂಬ್ ಮತ್ತು ಗೂಗಲ್ ವಿಡಿಯೊ ಎರಡೂ 2005ರ ಕೂಸುಗಳು. ಮರುವರ್ಷ ಗೂಗಲ್ 165 ಕೋಟಿ ಡಾಲರ್ ಕೊಟ್ಟು ಯೂಟ್ಯೂಬನ್ನೇ ಕೊಂಡಾಗ ಅದರ ಸ್ವಂತ ಸೇವೆಯ ಹಣೆಬರಹ ಬರೆದಂತಾಯಿತು. 2007ರ ಆಗಸ್ಟ್‌ನಲ್ಲಿ ಗೂಗಲ್ ವಿಡಿಯೊದ ಮಾರಾಟ ವಿಭಾಗ ನಿಂತಿತು. ದುಡ್ಡು ಕೊಟ್ಟು ಕೊಂಡವರ ವಿಡಿಯೊಗಳೂ ಅದರೊಂದಿಗೇ ನಿಂತವು. ಮೊದಲು ಸಿಕ್ಕ ಪರಿಹಾರವೆಂದರೆ ಅದೇ ಕಂಪನಿಯ ಪಾವತಿ ಸೇವೆಯಲ್ಲಿ ಮಾತ್ರ ಖರ್ಚು ಮಾಡಬಹುದಾದ ಮೊತ್ತ. ಜನ ಗಲಾಟೆ ಮಾಡಿದ ಮೇಲೆ ಹಣ ಕಾರ್ಡಿಗೆ ವಾಪಸಾಯಿತು. 2011ರ ಏಪ್ರಿಲ್‌ನಲ್ಲಿ ಜನರೇ ಏರಿಸಿದ್ದ ವಿಡಿಯೊಗಳ ಸರದಿ ಬಂತು: 29ನೇ ತಾರೀಕಿಗೆ ಪ್ರಸಾರ ಬಂದ್, ಮೇ 13ರೊಳಗೆ ಇಳಿಸಿಕೊಳ್ಳಿ. ಮತ್ತೆ ಗಲಾಟೆ. ಆಗ ಗಡುವು ಕೈಬಿಟ್ಟು ಯೂಟ್ಯೂಬಿಗೆ ವರ್ಗಾಯಿಸುವ ದಾರಿ ಮಾಡಿಕೊಟ್ಟರು. ಪೂರ್ತಿ ಬಾಗಿಲು ಹಾಕಿದ್ದು 2012ರಲ್ಲಿ. ಎರಡು ಸಲವೂ ಸರಿಯಾದ ದಾರಿ ಕಂಪನಿಯ ಕೈಯಲ್ಲೇ ಇತ್ತು. ಬೈಗುಳ ಬೀಳುವವರೆಗೆ ಅದನ್ನು ಹಿಡಿಯಲಿಲ್ಲ, ಅಷ್ಟೆ.

ಅಲ್ಲಿಂದ ಮುಂದೆ ಪಟ್ಟಿ ಬೆಳೆಯುತ್ತಲೇ ಇದೆ. ಜಸ್ಟಿನ್ ಟಿವಿ 2014ರಲ್ಲಿ, ಬ್ಲಿಪ್ 2015ರಲ್ಲಿ, ಆರು ಸೆಕೆಂಡಿನ ತುಣುಕುಗಳ ವೈನ್ 2017ರ ಜನವರಿಯಲ್ಲಿ, ಪೆರಿಸ್ಕೋಪ್ 2021ರ ಮಾರ್ಚ್‌ನಲ್ಲಿ ನಿಂತವು. ವಿಡಿಯೊ ಗೇಮ್ ಆಟಗಳ ನೇರಪ್ರಸಾರದ ತಾಣ ಮಿಕ್ಸರ್ 2020ರ ಜೂನ್ 22ರಂದು ಘೋಷಣೆ ಮಾಡಿ ಜುಲೈ 22ಕ್ಕೆ ದೀಪ ಆರಿಸಿತು, ತನ್ನ ಬಳಕೆದಾರರನ್ನು ಫೇಸ್‌ಬುಕ್ ಗೇಮಿಂಗ್‌ನತ್ತ ಕಳಿಸಿತು. ಆ ಹೆಸರಿನ ಆ್ಯಪ್ 2022ರ ಅಕ್ಟೋಬರ್‌ನಲ್ಲಿ ತಾನೇ ನಿಂತಿತು. ಚಂದಾ ಸೇವೆಗಳ ಕಡೆ ಬಂದರೆ, ಕ್ವಿಬಿ 175 ಕೋಟಿ ಡಾಲರ್ ಬಂಡವಾಳ ಎತ್ತಿ 2020ರ ಏಪ್ರಿಲ್‌ನಲ್ಲಿ ಆರಂಭವಾಗಿ ಡಿಸೆಂಬರ್ 1ಕ್ಕೆ ಮುಗಿಯಿತು. ಸಿಎನ್‌ಎನ್ ಪ್ಲಸ್ 2022ರಲ್ಲಿ ಬದುಕಿದ್ದು ಒಂದು ತಿಂಗಳು. ಆಗ್ನೇಯ ಏಷ್ಯಾ ಮತ್ತು ಭಾರತದಲ್ಲಿದ್ದ ಹೂಕ್ 2020ರ ಮಾರ್ಚ್ ಕೊನೆಗೆ ದಿವಾಳಿ ಪ್ರಕ್ರಿಯೆಗೆ ಹೋಗಿ ಏಪ್ರಿಲ್ 30ಕ್ಕೆ ನಿಂತಿತು. ಡ್ರಾಮಾಫೀವರ್ ಇನ್ನೂ ಚುರುಕು: 2018ರ ಅಕ್ಟೋಬರ್ 16ರಂದು ಘೋಷಣೆ, ಅದೇ ದಿನ ಬಂದ್.

ಇಷ್ಟೊಂದು ಸೇವೆಗಳು ಯಾಕೆ ಮುಳುಗುತ್ತವೆ? ಸರ್ವರ್ ಖರ್ಚಿನಿಂದ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅದು ಅರ್ಧ ಸತ್ಯ. 1080ಪಿ (ಫುಲ್ ಎಚ್‌ಡಿ) ವಿಡಿಯೊವನ್ನು ಸೆಕೆಂಡಿಗೆ 5 ಮೆಗಾಬಿಟ್ ದರದಲ್ಲಿ ಕಳಿಸಿದರೆ ಗಂಟೆಗೆ 2.25 ಜಿಬಿ ಆಗುತ್ತದೆ; ಜನ ಒಟ್ಟು ಹತ್ತು ಲಕ್ಷ ಗಂಟೆ ನೋಡಿದರೆ 2.25 ಪೆಟಾಬೈಟ್, ಅಂದರೆ 22.5 ಲಕ್ಷ ಜಿಬಿ. ಯಾರು ಬೇಕಾದರೂ ವಿಡಿಯೊ ಏರಿಸಬಹುದಾದ ಉಚಿತ ತಾಣಗಳನ್ನು ಈ ಬಿಲ್ಲು ನಿಜವಾಗಿಯೂ ಹಿಂಡುತ್ತದೆ, ಯಾಕೆಂದರೆ ನೋಡುವವರು ಹೆಚ್ಚಿದಷ್ಟೂ ಖರ್ಚು ಏರುತ್ತದೆ, ಜಾಹೀರಾತಿನ ಹಣ ಅದೇ ವೇಗದಲ್ಲಿ ಬರುವುದಿಲ್ಲ. ಚಂದಾ ಸೇವೆಗಳ ಕಥೆ ಬೇರೆ. ಅಲ್ಲಿ ಕುತ್ತಿಗೆಗೆ ಬರುವುದು ಸಿನಿಮಾ ಮತ್ತು ಕ್ರೀಡಾ ಹಕ್ಕುಗಳಿಗೆ ಕೊಡುವ ಕನಿಷ್ಠ ಖಾತರಿ ಮೊತ್ತ. ಚಂದಾದಾರರು ಒಂದು ಲಕ್ಷವಿರಲಿ, ಒಂದು ಕೋಟಿಯಿರಲಿ, ಅದು ಕಟ್ಟಲೇಬೇಕಾದ ಹಣ. ಮೇಲಿಂದ ಬಿಟ್ಟುಹೋಗುವವರ ಲೆಕ್ಕ: ತಿಂಗಳಿಗೆ ಶೇ 5ರಷ್ಟು ಜನ ಹೊರಟರೆ ಹತ್ತು ಲಕ್ಷ ಹಳಬರಲ್ಲಿ ವರ್ಷದ ಕೊನೆಗೆ ಉಳಿಯುವವರು ಸುಮಾರು 5.4 ಲಕ್ಷ. ಶೇ 10 ಆದರೆ 2.8 ಲಕ್ಷ. ಹೋದವರ ಜಾಗ ತುಂಬಲು ಮತ್ತೆ ಜಾಹೀರಾತು, ಮತ್ತೆ ಉಚಿತ ತಿಂಗಳು, ಆ ಉಚಿತ ತಿಂಗಳು ಮುಗಿದೊಡನೆ ಮತ್ತೆ ನಿರ್ಗಮನ.

ಈ ಲೆಕ್ಕ ಪ್ರತಿ ತಿಂಗಳೂ ನಿಮ್ಮ ಮೇಜಿಗೆ ಬರುತ್ತದೆ. ಅಂದಮೇಲೆ ಮುಚ್ಚುವ ಸಾಧ್ಯತೆ ನಿಮಗೆ ಬಹಳ ಮುಂಚೆಯೇ ಕಾಣುತ್ತದೆ. 'ಅನಿವಾರ್ಯ ಕಾರಣಗಳಿಂದ ತಕ್ಷಣಕ್ಕೆ' ಎಂಬ ಪ್ರಕಟಣೆಯನ್ನು ನಾವು ನಂಬದಿರುವುದು ಇದೇ ಕಾರಣಕ್ಕೆ.

ಈಗ, ಸೇವೆ ನಿಂತ ರಾತ್ರಿ ತೆರೆಯ ಹಿಂದೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎರಡು ಗಂಟೆಯ ಒಂದು ಸಿನಿಮಾ ನಿಮ್ಮ ಸರ್ವರಿನಲ್ಲಿ ಒಂದು ಫೈಲಾಗಿ ಇರುವುದಿಲ್ಲ. ಆರು ಸೆಕೆಂಡಿಗೊಂದರಂತೆ ಕತ್ತರಿಸಿದರೆ 1,200 ತುಣುಕು. 240ಪಿಯಿಂದ 1080ಪಿವರೆಗೆ ಆರು ಗುಣಮಟ್ಟಗಳಿದ್ದರೆ 7,200. ಪ್ರತಿ ಭಾಷೆಯ ಧ್ವನಿ, ಸಬ್‌ಟೈಟಲ್ ಬೇರೆ. ಇವನ್ನೆಲ್ಲ ಯಾವ ಕ್ರಮದಲ್ಲಿ ಓದಬೇಕೆಂದು ಹೇಳುವುದು ಮ್ಯಾನಿಫೆಸ್ಟ್ ಎಂಬ ಚಿಕ್ಕ ಪಠ್ಯ ಫೈಲು. ತುಣುಕುಗಳಿಗೆ ಹಾಕಿದ ಬೀಗದ ಕೀಲಿ ಕೊಡುವುದು ಡಿಆರ್‌ಎಂ ಲೈಸೆನ್ಸ್ ಸರ್ವರ್. ಬಳಕೆಯಲ್ಲಿರುವ ಡಿಆರ್‌ಎಂಗಳಾದ ವೈಡ್‌ವೈನ್, ಪ್ಲೇರೆಡಿ, ಫೇರ್‌ಪ್ಲೇ ಮೂರರ ತತ್ವವೂ ಇದೇ. ಮೂಲ ಸರ್ವರ್ ಆರಿಸಿದ ಮೇಲೂ ಸಿಡಿಎನ್ ಕ್ಯಾಶ್‌ನಲ್ಲಿ (ನೋಡುಗರಿಗೆ ಹತ್ತಿರದ ಸರ್ವರುಗಳು ಇಟ್ಟುಕೊಳ್ಳುವ ತಾತ್ಕಾಲಿಕ ಸಂಗ್ರಹದಲ್ಲಿ) ತುಣುಕುಗಳು ಕೆಲವು ಗಂಟೆ ಬದುಕಿರಬಹುದು. ಲೈಸೆನ್ಸ್ ಸರ್ವರ್ ನಿಂತಿದ್ದರೆ ಅವು ಬರೀ ಕಸ. ನೋಡುವವರಿಗೆ ಕಾಣುವುದು ಕಪ್ಪು ಪರದೆ ಮತ್ತು ಕೊನೆಯಿಲ್ಲದೆ ತಿರುಗುವ ಚಕ್ರ. ಹೆಚ್ಚಿನ ಆ್ಯಪ್‌ಗಳಲ್ಲಿ 'ಸೇವೆ ಮುಗಿದಿದೆ' ಎಂದು ಹೇಳುವ ಪರದೆಯೇ ಇರುವುದಿಲ್ಲ, ಹಾಗಾಗಿ ಜನ ತಮ್ಮ ಇಂಟರ್ನೆಟ್ಟೇ ಕೆಟ್ಟಿದೆ ಎಂದುಕೊಂಡು ರೂಟರ್ ಆರಿಸಿ ಹಚ್ಚುತ್ತಾರೆ.

ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೇವೆ ಎನ್ನುವವರ ಧೈರ್ಯವೂ ಸುಳ್ಳೇ. ಆ್ಯಪ್ ಒಳಗಿನ ಡೌನ್‌ಲೋಡಿಗೆ ಸಾಮಾನ್ಯವಾಗಿ 30 ದಿನಗಳ ಲೈಸೆನ್ಸ್ ಇರುತ್ತದೆ. ಬಾಡಿಗೆಯದಾದರೆ ನೋಡಲು ಶುರುಮಾಡಿದ ಮೇಲೆ 48 ಗಂಟೆಯೇ ಹೆಚ್ಚು. ಅವಧಿ ಮುಗಿದಾಗ ಆ್ಯಪ್ ನವೀಕರಣ ಕೇಳುತ್ತದೆ, ಉತ್ತರ ಕೊಡಲು ಆ ಕಡೆ ಯಾರೂ ಇರುವುದಿಲ್ಲ. ಫೈಲು ಫೋನಿನಲ್ಲೇ ಕೂತಿರುತ್ತದೆ, ತೆರೆಯುವುದಿಲ್ಲ.

ಚಂದಾ ಕೊಟ್ಟು ನೋಡುವ ಸಿನಿಮಾಗೆ ಇದನ್ನು ಒಪ್ಪಬಹುದು. 'ಖರೀದಿಸಿ' ಎಂಬ ಗುಂಡಿ ಒತ್ತಿಸಿಕೊಂಡ ಸಿನಿಮಾಗೆ ಒಪ್ಪಲಾಗದು. ದಾರಿಗಳು ಮೂರಿವೆ, ಕಷ್ಟದವೂ ಅಲ್ಲ. ಹಕ್ಕುದಾರರು ಒಪ್ಪಿದರೆ ಬೀಗವಿಲ್ಲದ ಫೈಲು ಕೊಡಿ. ಒಪ್ಪದಿದ್ದರೆ ಆ ಖರೀದಿಯನ್ನು ಇನ್ನೊಂದು ಮಾರಾಟಗಾರರ ಖಾತೆಗೆ ವರ್ಗಾಯಿಸಿ. ಅದೂ ಆಗದಿದ್ದರೆ ಪೂರ್ತಿ ಹಣ ವಾಪಸು ಮಾಡಿ. ಸಾಧನಕ್ಕೆ ಅಂಟಿದ, ಅವಧಿಯಿಲ್ಲದ ಲೈಸೆನ್ಸ್ ಕೊಟ್ಟು ಕೈತೊಳೆದುಕೊಳ್ಳುವ ನಾಲ್ಕನೇ ದಾರಿಯೂ ಇದೆ. ಫೋನ್ ಬದಲಾದ ದಿನ ಅದು ಸಾಯುತ್ತದೆ, ಆದ್ದರಿಂದ ನಾವು ಅದನ್ನು ಪರಿಹಾರವೆಂದು ಎಣಿಸುವುದಿಲ್ಲ. ವರ್ಗಾವಣೆ ಆಗದ ಮಾತೇನಲ್ಲ. 2011ರಲ್ಲಿ ಆರಂಭವಾದ ಅಲ್ಟ್ರಾವಯಲೆಟ್ ಎಂಬ ಡಿಜಿಟಲ್ ಖಾತೆ ವ್ಯವಸ್ಥೆ 2019ರ ಜನವರಿ ಕೊನೆಗೆ ಮುಚ್ಚುವ ಸುದ್ದಿ ಹೇಳಿ ಜುಲೈ 31ರವರೆಗೆ ಆರು ತಿಂಗಳು ಕೊಟ್ಟಿತು. ಅಷ್ಟರೊಳಗೆ ಖಾತೆಯನ್ನು ಯಾವುದಾದರೂ ಮಾರಾಟಗಾರರ ಜೊತೆ ಜೋಡಿಸಿಕೊಂಡವರ ಬಹುತೇಕ ಸಿನಿಮಾಗಳು ಉಳಿದವು. ಇದಕ್ಕೆ ಎದುರಾಗಿ ಜಪಾನಿ ಅನಿಮೆ ಸೇವೆ ಫ್ಯುನಿಮೇಶನ್ 2024ರ ಏಪ್ರಿಲ್‌ನಲ್ಲಿ ಕ್ರಂಚಿರೋಲ್ ಜೊತೆ ವಿಲೀನವಾಗಿ ನಿಂತಾಗ, ಡಿಸ್ಕ್ ಜೊತೆ ಬಂದ ಕೋಡ್ ಹಾಕಿ ಪಡೆದಿದ್ದ ಡಿಜಿಟಲ್ ಪ್ರತಿಗಳು ಹೊಸ ಮನೆಗೆ ಬರಲೇ ಇಲ್ಲ. ಒಂದೇ ಮಾಲೀಕರ ಎರಡು ಸೇವೆಗಳ ನಡುವೆಯೇ ಇದು ಆಗಲಿಲ್ಲ ಎಂಬುದನ್ನು ಗಮನಿಸಿ.

ನೋಡುಗರಿಗಿಂತ ದೊಡ್ಡ ಪೆಟ್ಟು ಬೀಳುವುದು ವಿಡಿಯೊ ಮಾಡಿದವರಿಗೆ. ಬಹಳಷ್ಟು ತಾಣಗಳು ಜನ ಏರಿಸಿದ ಮೂಲ ಫೈಲನ್ನು ಕುಗ್ಗಿಸಿದ ಮೇಲೆ ಇಟ್ಟುಕೊಳ್ಳುವುದಿಲ್ಲ. 'ನಿಮ್ಮ ವಿಡಿಯೊ ಇಳಿಸಿಕೊಳ್ಳಿ' ಎಂದಾಗ ಕೈಗೆ ಬರುವುದು ಆ ಕುಗ್ಗಿಸಿದ ಪ್ರತಿ. ಅದನ್ನು ಇನ್ನೊಂದು ತಾಣಕ್ಕೆ ಏರಿಸಿದರೆ ಅಲ್ಲಿ ಮತ್ತೊಮ್ಮೆ ಕುಗ್ಗುತ್ತದೆ. ಮುಖದ ಅಂಚುಗಳಲ್ಲಿ ಚೌಕಳಿ, ಕತ್ತಲ ದೃಶ್ಯಗಳಲ್ಲಿ ಪಟ್ಟೆ ಏಳುತ್ತವೆ. ಯಾವ ಪ್ರತಿ ಕೊಡುತ್ತಿದ್ದೀರಿ, ಮೂಲವೋ ಕುಗ್ಗಿಸಿದ್ದೋ, ಮೊದಲ ಪ್ರಕಟಣೆಯಲ್ಲೇ ಹೇಳಿ. ತಮ್ಮ ಹಳೆಯ ಹಾರ್ಡ್ ಡಿಸ್ಕ್ ಹುಡುಕಬೇಕೋ ಬೇಡವೋ ಎಂದು ಅವರು ನಿರ್ಧರಿಸಿಕೊಳ್ಳಲಿ.

ಇಳಿಸುವ ಸೌಲಭ್ಯವನ್ನು ಒಂದೊಂದೇ ವಿಡಿಯೊಗೆ ಗುಂಡಿಯಾಗಿ ಕೊಟ್ಟರೆ ಅದು ಕೊಟ್ಟಂತಲ್ಲ. 900 ವಿಡಿಯೊ ಇರುವವರು 900 ಸಲ ಒತ್ತುತ್ತಾ ಕೂರಬೇಕೆ? ಇಡೀ ಖಾತೆಗೆ ಒಂದೇ ಕೋರಿಕೆ ಸಾಕಾಗಬೇಕು. ಸಿದ್ಧವಾದ ಕಟ್ಟನ್ನು 2 ಜಿಬಿ ಭಾಗಗಳಾಗಿ ಒಡೆದು ಕೊಡಿ. 4 ಜಿಬಿ ದಾಟಿದ ಜಿಪ್ ಹಳೆಯ ತಂತ್ರಾಂಶಗಳಲ್ಲಿ ಬಿಚ್ಚುವುದಿಲ್ಲ, 4 ಜಿಬಿ ಮೀರಿದ ಫೈಲು ಫ್ಯಾಟ್32 ಎಂಬ ಹಳೆಯ ವಿನ್ಯಾಸದ ಪೆನ್‌ಡ್ರೈವಿನಲ್ಲಿ ಕೂರುವುದಿಲ್ಲ. ಅರ್ಧಕ್ಕೆ ಕಡಿದರೆ ಅಲ್ಲಿಂದಲೇ ಮುಂದುವರಿಯುವಂತಿರಲಿ. ಕೊಂಡಿಯ ಅವಧಿ 48 ಗಂಟೆ ಇಡಬೇಡಿ, ಎರಡು ವಾರವಾದರೂ ಇಡಿ. ಕೊನೆಯ ವಾರ ಎಲ್ಲರೂ ಒಟ್ಟಿಗೆ ಬರುತ್ತಾರೆ, ಸರದಿ ಉದ್ದವಾಗುತ್ತದೆ, ಕಟ್ಟು ಸಿದ್ಧವಾಗುವ ಹೊತ್ತಿಗೆ ಸೇವೆಯೇ ಇರುವುದಿಲ್ಲ. ಗಡುವಿನೊಳಗೆ ಕೋರಿಕೆ ಸಲ್ಲಿಸಿದವರಿಗೆಲ್ಲ ಗಡುವಿನ ನಂತರವಾದರೂ ಫೈಲು ತಲುಪಿಸುವ ಹೊಣೆ ನಿಮ್ಮದೇ.

ಫೈಲಿನ ಹೆಸರು ಬರೀ ಎಂಟಂಕಿಯ ಸಂಖ್ಯೆಯಾಗಿದ್ದರೆ ಬಂದದ್ದು ವಿಡಿಯೊ ರಾಶಿ, ಸಂಗ್ರಹವಲ್ಲ. ಶೀರ್ಷಿಕೆ, ವಿವರಣೆ, ಪ್ರಕಟವಾದ ದಿನಾಂಕ, ಹಳೆಯ ವಿಳಾಸ, ನೋಡಿದವರ ಸಂಖ್ಯೆ ಇವೆಲ್ಲ ಸಿಎಸ್‌ವಿ ಅಥವಾ ಜೇಸನ್ ಎಂಬ ರೂಪದ ಒಂದು ಪಠ್ಯ ಫೈಲಿನಲ್ಲಿ ಜೊತೆಗೆ ಬರಲಿ. ಸಬ್‌ಟೈಟಲ್‌ಗಳು ಎಸ್‌ಆರ್‌ಟಿ ಅಥವಾ ವಿಟಿಟಿ ಎಂಬ ಪಠ್ಯ ರೂಪದಲ್ಲಿ ಪ್ರತ್ಯೇಕವಾಗಿರಲಿ. ವಿಡಿಯೊ ಬೇರೆಡೆ ಸಿಕ್ಕೀತು, ಯಾರೋ ಕೂತು ಟೈಪಿಸಿದ ಸಬ್‌ಟೈಟಲ್ ಸಿಗುವುದಿಲ್ಲ. ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನೂ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಸೇರಿಸಿ, ಇಳಿದದ್ದು ಸರಿಯಾಗಿ ಇಳಿದಿದೆಯೇ ಎಂದು ತಾಳೆ ನೋಡಲು ಅದು ನಂಬಬಹುದಾದ ಉಪಾಯ. ಕಾಮೆಂಟುಗಳ ವಿಷಯದಲ್ಲಿ ಅವು ಬರೆದವರ ಖಾಸಗಿತನವೂ ಅಡ್ಡ ಬರುತ್ತದೆ. ಹೆಸರು ತೆಗೆದು ಕೊಡುವುದು ಒಂದು ದಾರಿ.

ಚಂದಾ ಸೇವೆಗಳು ತಾವೇ ಮಾಡಿಸಿದ ಕೃತಿಗಳ ಗತಿಯೂ ಇದಕ್ಕಿಂತ ಉತ್ತಮವಲ್ಲ. ಬೇರೆಲ್ಲೂ ಬಿಡುಗಡೆಯಾಗದ, ಡಿಸ್ಕ್ ಆಗದ ಸರಣಿಯ ಏಕೈಕ ಮಾಸ್ಟರ್ ನಿಮ್ಮ ಬಳಿ ಇರುತ್ತದೆ. ಇಲ್ಲಿ ಕರಾರೇ ಎಲ್ಲ. ಕ್ವಿಬಿ ಬೇರೆ ಏನೇ ಎಡವಟ್ಟು ಮಾಡಿದ್ದರೂ ಒಂದನ್ನು ಸರಿ ಮಾಡಿತ್ತು: ಕಾರ್ಯಕ್ರಮಗಳ ಒಡೆತನವನ್ನು ತಯಾರಿಸಿದವರಲ್ಲೇ ಬಿಟ್ಟು, ಚಿಕ್ಕ ಕಂತುಗಳ ರೂಪಕ್ಕೆ ಏಳು ವರ್ಷದ ಲೈಸೆನ್ಸ್ ಪಡೆದಿತ್ತು. ಸೇವೆ ಸತ್ತ ಮೇಲೆ 2021ರ ಜನವರಿಯಲ್ಲಿ ರೋಕು ಎಂಬ ಸ್ಟ್ರೀಮಿಂಗ್ ಕಂಪನಿ ಆ ಕಾರ್ಯಕ್ರಮಗಳ ಹಕ್ಕು ಪಡೆದು ತನ್ನ ಚಾನೆಲ್‌ನಲ್ಲಿ ಉಚಿತವಾಗಿ ಹಾಕಿತು. ಹಳೆಯ ಸಿನಿಮಾಗಳ ಫಿಲ್ಮ್‌ಸ್ಟ್ರಕ್ 2018ರ ನವೆಂಬರ್‌ನಲ್ಲಿ ನಿಂತಾಗಲೂ ಅದಕ್ಕೆ ಸಿನಿಮಾ ಕೊಟ್ಟಿದ್ದ ಕ್ರೈಟೀರಿಯನ್ ಸಂಸ್ಥೆ ತನ್ನ ಸಂಗ್ರಹ ಹೊತ್ತುಕೊಂಡು 2019ರ ಏಪ್ರಿಲ್‌ನಲ್ಲಿ ಸ್ವಂತ ಚಾನೆಲ್ ತೆರೆಯಿತು. ಹಕ್ಕು ಎಲ್ಲಿದೆಯೋ ಕೃತಿ ಅಲ್ಲಿಗೆ ಹೋಗಿ ಬದುಕುತ್ತದೆ. ಹಾಗಾಗಿ ಪ್ರತಿ ಕರಾರಿನಲ್ಲಿ ಒಂದು ಷರತ್ತು ಇರಲಿ: ಸೇವೆ ನಿಂತರೆ, ಅಥವಾ ಕೃತಿ 12 ತಿಂಗಳು ಎಲ್ಲೂ ನೋಡಲು ಸಿಗದಿದ್ದರೆ, ಹಕ್ಕು ಮತ್ತು ಮಾಸ್ಟರ್ ಎರಡೂ ತಯಾರಿಸಿದವರಿಗೆ ಮರಳಬೇಕು. 'ಹಕ್ಕು' ಮಾತ್ರ ಬರೆದು 'ಮಾಸ್ಟರ್' ಬಿಟ್ಟರೆ ಕೈಗೆ ಬರುವುದು ಕಾಗದ.

ಮಾಸ್ಟರ್ ಕೊಡಲು ಸಮಯ ಹಿಡಿಯುತ್ತದೆ ಎಂಬುದು ನಿಜ, ಅದಕ್ಕೇ ಒಂದು ತಿಂಗಳ ನೋಟಿಸು ಸಾಲದು ಎನ್ನುವುದು. ಪ್ರೋರೆಸ್ 422 ಎಚ್‌ಕ್ಯೂ ಎಂಬ ಉನ್ನತ ಗುಣಮಟ್ಟದ ರೂಪದಲ್ಲಿ 1080ಪಿ ಮಾಸ್ಟರ್ ಗಂಟೆಗೆ ಸುಮಾರು 80 ಜಿಬಿ ತೂಗುತ್ತದೆ. 10,000 ಗಂಟೆಯ ಸಂಗ್ರಹವೆಂದರೆ 800 ಟಿಬಿ. ಸೆಕೆಂಡಿಗೆ 1 ಗಿಗಾಬಿಟ್ ಸಂಪರ್ಕದಲ್ಲಿ, ಒಂದು ಕ್ಷಣವೂ ನಿಲ್ಲದೆ ಕಳಿಸಿದರೆ 74 ದಿನ. 10 ಗಿಗಾಬಿಟ್ ಇದ್ದರೆ ಏಳೂವರೆ ದಿನ, ಆದರೆ ಎರಡೂ ತುದಿಯ ಡಿಸ್ಕ್‌ಗಳು ಆ ವೇಗಕ್ಕೆ ಬರೆಯಬೇಕು, ಪ್ರತಿ ಫೈಲೂ ತಾಳೆಯಾಗಬೇಕು. ಲೆಕ್ಕದ ದುಪ್ಪಟ್ಟು ಹಿಡಿದುಕೊಳ್ಳಿ. ಹಳೆಯ ಮಾಸ್ಟರ್‌ಗಳು ಕ್ಲೌಡ್‌ನ ಅತಿ ಅಗ್ಗದ ತಣ್ಣನೆ (ಅಪರೂಪಕ್ಕೆ ತೆರೆಯುವ) ಸಂಗ್ರಹದಲ್ಲಿದ್ದರೆ ಹೊರತೆಗೆಯುವುದಕ್ಕೇ 12ರಿಂದ 48 ಗಂಟೆ, ಮೇಲೆ ಪ್ರತಿ ಜಿಬಿಗೂ ಹೊರಹೋಗುವ ಶುಲ್ಕ. ದುಡ್ಡು ಮುಗಿದ ಕಂಪನಿ ಈ ಬಿಲ್ಲು ನೋಡಿ ಬೆಚ್ಚಿ 'ಅಳಿಸಿಬಿಡಿ' ಎನ್ನುತ್ತದೆ. ಬೇಕಾದದ್ದಾದರೂ ಎಷ್ಟು? 18 ಟಿಬಿ ಹಿಡಿಯುವ ಎಲ್‌ಟಿಒ-9 ಎಂಬ ಸಂಗ್ರಹ ಟೇಪುಗಳಲ್ಲಿ ಆ 800 ಟಿಬಿ ಬರೆಯಲು 45 ಟೇಪು ಸಾಕು, ಎರಡು ಪ್ರತಿಗೆ 90. ಒಂದು ಕಪಾಟು ತುಂಬುವುದಿಲ್ಲ. ಯಾವುದಾದರೂ ರಾಷ್ಟ್ರೀಯ ಚಲನಚಿತ್ರ ಭಂಡಾರ ಅಥವಾ ಗ್ರಂಥಾಲಯದ ಜೊತೆ ಮೊದಲೇ ಒಪ್ಪಂದವಿದ್ದರೆ ಒಂದು ಪ್ರತಿ ಅಲ್ಲಿಗೆ ಹೋಗಲಿ, ಸಾರ್ವಜನಿಕ ಪ್ರದರ್ಶನದ ಹಕ್ಕಿಲ್ಲದಿದ್ದರೂ ಪರವಾಗಿಲ್ಲ.

ಇನ್ನೊಂದು ಮಾತು, ಇದು ಸಿಬ್ಬಂದಿಯ ಬಗ್ಗೆ. ಘೋಷಣೆಯ ದಿನವೇ ಎಂಜಿನಿಯರುಗಳನ್ನೆಲ್ಲ ಮನೆಗೆ ಕಳಿಸುವ ಚಾಳಿ ಇದೆ. ಯಾವ ಫೋಲ್ಡರಿನಲ್ಲಿ ಯಾವ ಮಾಸ್ಟರ್ ಇದೆ, ಯಾವ ಕೀಲಿ ಯಾವ ಶೀರ್ಷಿಕೆಯದು ಎಂದು ತಿಳಿದವರು ಒಬ್ಬಿಬ್ಬರೇ ಇರುತ್ತಾರೆ. ಅವರ ಲಾಗಿನ್ ಮಧ್ಯಾಹ್ನ ರದ್ದಾದರೆ ಸಂಜೆಗೆ ಆ ಸಂಗ್ರಹ ಇದ್ದೂ ಇಲ್ಲದಂತೆ. ಎನ್‌ಕೋಡಿಂಗ್ (ವಿಡಿಯೊ ಕುಗ್ಗಿಸುವ ಕೆಲಸ), ಹಕ್ಕುಗಳು, ಬಿಲ್ಲಿಂಗ್, ಗ್ರಾಹಕ ಸಹಾಯ, ಇಷ್ಟಕ್ಕೆ ಒಬ್ಬೊಬ್ಬರನ್ನಾದರೂ ಕೊನೆಯ ಫೈಲು ಹೋಗುವವರೆಗೆ ಸಂಬಳ ಕೊಟ್ಟು ಉಳಿಸಿಕೊಳ್ಳಿ.

ಹಣ ವಾಪಸಿನಲ್ಲಿ ಸಿಕ್ಕು ಬೀಳುವ ಜಾಗಗಳು ಯಾವಾಗಲೂ ಅವೇ. ನಿಮ್ಮ ತಾಣದಲ್ಲೇ ಕಾರ್ಡ್ ಕೊಟ್ಟವರದ್ದು ಸುಲಭ. ಆ್ಯಪ್ ಸ್ಟೋರ್ ಮೂಲಕ ಬಂದ ಚಂದಾ ಅಲ್ಲಿನ ಖಾತೆಯಲ್ಲಿದೆ, ಅದನ್ನು ಅಲ್ಲಿಯೇ ಬೇರೆಯಾಗಿ ನಿಲ್ಲಿಸಬೇಕು, ಇಲ್ಲವಾದರೆ ಇಲ್ಲದ ಸೇವೆಗೆ ಹಣ ಕಡಿತವಾಗುತ್ತಲೇ ಇರುತ್ತದೆ. ಮೊಬೈಲ್ ಪ್ಲಾನ್ ಜೊತೆ ಸೇರಿಸಿ ಮಾರಿದ ಚಂದಾ ಮೂರನೆಯದು; ಅಲ್ಲಿ ಗ್ರಾಹಕರ ಹೆಸರೇ ನಿಮ್ಮ ಬಳಿ ಇರುವುದಿಲ್ಲ. ಗಿಫ್ಟ್ ಕಾರ್ಡ್ ನಾಲ್ಕನೆಯದು, ಅದನ್ನು ಎಲ್ಲರೂ ಮರೆಯುತ್ತಾರೆ. ವಾರ್ಷಿಕ ಚಂದಾದಾರರು ಐದು ತಿಂಗಳು ಬಳಸಿದ್ದರೆ ಹನ್ನೆರಡರಲ್ಲಿ ಏಳು ಭಾಗ ಅವರು ಕೇಳದೆಯೇ ವಾಪಸಾಗಬೇಕು. ಮುಚ್ಚುವ ಚರ್ಚೆ ಆಡಳಿತ ಮಂಡಳಿಯಲ್ಲಿ ಶುರುವಾದ ದಿನದಿಂದಲೇ ವಾರ್ಷಿಕ ಚಂದಾ ಮಾರಾಟ ನಿಲ್ಲಿಸಿ. ಆ ಮೇಲೂ ರಿಯಾಯಿತಿ ಕೊಟ್ಟು ಮಾರಿದರೆ ಅದಕ್ಕೆ ಇರುವ ಹೆಸರು ಬೇರೆ.

ಡೊಮೇನ್ ಹೆಸರನ್ನು ಕೈಬಿಡಬೇಡಿ. 2017ರ ಡಿಸೆಂಬರ್‌ನಲ್ಲಿ ನಿಂತ ವಿಡ್‌ಮಿ ಎಂಬ ತಾಣದ ಹಳೆಯ ವಿಡಿಯೊಗಳು ಸುದ್ದಿ ತಾಣಗಳ ಲೇಖನಗಳ ನಡುವೆ ಎಂಬೆಡ್ ಆಗಿ (ಪುಟದೊಳಗೇ ಓಡುವಂತೆ ಜೋಡಣೆಯಾಗಿ) ಉಳಿದಿದ್ದವು. ಆ ಡೊಮೇನ್ ಒಂದು ಅಶ್ಲೀಲ ವಿಡಿಯೊ ಕಂಪನಿಯ ಪಾಲಾಯಿತು. 2021ರ ಜುಲೈನಲ್ಲಿ ವಾಷಿಂಗ್ಟನ್ ಪೋಸ್ಟ್, ಹಫ್‌ಪೋಸ್ಟ್‌ನಂಥ ಪತ್ರಿಕೆಗಳ ಹಳೆಯ ಪುಟ ತೆರೆದವರಿಗೆ ವರದಿಯ ನಡುವೆ ಕಂಡದ್ದು ಅದೇ ಅಶ್ಲೀಲ ವಿಡಿಯೊ. ಡೊಮೇನ್ ನವೀಕರಣ ಇಡೀ ಮುಚ್ಚುವಿಕೆಯ ಅತಿ ಅಗ್ಗದ ಬಾಬತ್ತು. ಕನಿಷ್ಠ 10 ವರ್ಷದ್ದು ಒಟ್ಟಿಗೆ ಕಟ್ಟಿಬಿಡಿ. ಹಳೆಯ ವಿಳಾಸಗಳಿಗೆ 410 ('ಈ ಪುಟ ಶಾಶ್ವತವಾಗಿ ಹೋಗಿದೆ') ಎಂಬ ಉತ್ತರ ಬರಲಿ, ಜೊತೆಗೆ ಈ ಸೇವೆ ಯಾವಾಗ ನಿಂತಿತು, ಫೈಲು ಎಲ್ಲಿ ಕೇಳಬೇಕು ಎಂದು ಹೇಳುವ ಒಂದು ಸರಳ ಪುಟವಿರಲಿ. ಸ್ಮಾರ್ಟ್ ಟಿವಿಗಳಲ್ಲಿ ಆ್ಯಪ್ ವರ್ಷಗಟ್ಟಲೆ ಕೂತಿರುತ್ತದೆ. ಮುಚ್ಚುವ ಸಂದೇಶ ತೋರಿಸುವ ಕೊನೆಯ ಅಪ್‌ಡೇಟನ್ನು ಎರಡು ತಿಂಗಳು ಮೊದಲೇ ಕಳಿಸಿದರೆ ಮಾತ್ರ ಅದು ಹೆಚ್ಚಿನವರಿಗೆ ತಲುಪುತ್ತದೆ.

ಅಧಿಕಾರಿಗಳೇ, ನೀವು ಸೊನ್ನೆಯಿಂದ ಶುರುಮಾಡಬೇಕಾಗಿಲ್ಲ. ಐರೋಪ್ಯ ಒಕ್ಕೂಟದ 2019/770 ನಿರ್ದೇಶನದ ಪ್ರಕಾರ, ಕರಾರು ರದ್ದಾದಾಗ ಗ್ರಾಹಕರು ತಾವು ಹಾಕಿದ ಅಥವಾ ರಚಿಸಿದ ವಸ್ತುವನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಉಚಿತವಾಗಿ, ಬಳಕೆಯಲ್ಲಿರುವ ರೂಪದಲ್ಲಿ ಹಿಂಪಡೆಯಬಹುದು. ಕ್ಯಾಲಿಫೋರ್ನಿಯಾದ ಎಬಿ 2426 ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಮಾರುತ್ತಿರುವುದು ಬರೀ ಲೈಸೆನ್ಸ್ ಎಂದು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎಂಬ ಪದ ಬಳಸುವಂತಿಲ್ಲ ಎನ್ನುತ್ತದೆ. ಎರಡೂ ಒಳ್ಳೆಯವೇ, ಎರಡೂ ಸಾಲವು. ಮೊದಲನೆಯದು ಮುಚ್ಚುವ ಮುನ್ನ ಎಷ್ಟು ದಿನ ಕೊಡಬೇಕೆಂದು ಹೇಳುವುದಿಲ್ಲ. ಎರಡನೆಯದು ಸತ್ಯ ಹೇಳಿಸುತ್ತದೆ, ಸಿನಿಮಾ ಉಳಿಸುವುದಿಲ್ಲ.

ಜನರು ವಿಡಿಯೊ ಏರಿಸುವ ಅಥವಾ 'ಖರೀದಿ' ಇರುವ ಸೇವೆಗಳಿಗೆ 180 ದಿನಗಳ ನೋಟಿಸು, ಬರೀ ಚಂದಾ ಸೇವೆಗಳಿಗೆ 60 ದಿನ ಕಡ್ಡಾಯ ಮಾಡಿ. ದಿವಾಳಿಯಾದ ಕಂಪನಿ ನೋಟಿಸು ಕೊಟ್ಟೂ ನಡೆಸಲಾರದು ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವೇ. ಆದ್ದರಿಂದ ಕೀಲಿ ಸರ್ವರ್ ಮತ್ತು ಫೈಲು ಹಿಂದಿರುಗಿಸುವ ವ್ಯವಸ್ಥೆಯನ್ನು ಆರು ತಿಂಗಳು ನಡೆಸಲು ಬೇಕಾಗುವ ಮೊತ್ತವನ್ನು ಕಂಪನಿಗೆ ಸಾಲ ಕೊಟ್ಟವರು ಮುಟ್ಟಲಾಗದ ಪ್ರತ್ಯೇಕ ಖಾತೆಯಲ್ಲಿ ಮೊದಲೇ ಇಡಿಸಿ, ಚಂದಾದಾರರು ಹೆಚ್ಚಿದಂತೆ ಅದೂ ಹೆಚ್ಚಲಿ. ಸೇವೆ ನಿಂತರೆ ಖರೀದಿಗೆ ಏನಾಗುತ್ತದೆ, ಫೈಲು ಯಾವ ರೂಪದಲ್ಲಿ ಎಷ್ಟು ದಿನದೊಳಗೆ ಸಿಗುತ್ತದೆ ಎಂಬ ನಾಲ್ಕು ಸಾಲನ್ನು, ಯಾರೂ ಓದದ ಸೇವಾ ನಿಯಮಗಳ ಕೊನೆಯಲ್ಲಲ್ಲ, ಹಣ ಕಟ್ಟುವ ಪರದೆಯ ಮೇಲೆಯೇ ಹಾಕಿಸಿ.

ಇಂತಿ,
ವಿಡಿಯೊ ಎನ್‌ಕೋಡಿಂಗ್, ಹಕ್ಕು ನಿರ್ವಹಣೆ ಮತ್ತು ಡಿಜಿಟಲ್ ಸಂಗ್ರಹದ ಕೆಲಸ ಬಲ್ಲ ಕೆಲವರು